ಎಫ್ರಾಯಿನ್‌ನ ಗೋಡೆ

ಎನೈದಾ ರೋಬ್ಲೆಸ್ ಮದುವೆಯಾಗಿ ಬಂದಾಗಿನಿಂದ ಬುಷ್‌ವಿಕ್ ಎಂಬ ಬಡವರ ಬಡಾವಣೆಯ ಅದೇ ಮನೆಯಲ್ಲಿದ್ದವಳು. ಹಾಗಿದ್ದೂ ಎಪ್ಪತ್ತರ ವಯಸ್ಸಿಗೆ ಅವಳ ಊರು ಬದಲಾಯಿತು. ಮನೆ ದಲ್ಲಾಳಿಗಳು ಪಕ್ಕದ ದುಬಾರಿ ಬಡಾವಣೆಯ ಗಡಿಯನ್ನು ಬೀದಿ ಬೀದಿಯಾಗಿ ಈಚೆಗೆ ಎಳೆದರು, ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು, ಅವಳ ಮೂಲೆಯೂ ಈಸ್ಟ್ ವಿಲಿಯಮ್ಸ್‌ಬರ್ಗ್ ಆಯಿತು. ಹೊಸ ಕಾಫಿ ಅಂಗಡಿ ತೆರೆದರೆ ಅದು ಈಸ್ಟ್ ವಿಲಿಯಮ್ಸ್‌ಬರ್ಗ್‌ನಲ್ಲಿ. ಅದರ ಮುಂದೆಯೇ ಯಾರಾದರೂ ಚಾಕು ತೆಗೆದರೆ ಬುಷ್‌ವಿಕ್‌ನಲ್ಲಿ.

"ಕೊಮಾದ್ರೆ, ನಮ್ಮ ಇಲಿಗಳಿಗೆ ಯಾರಾದ್ರೂ ಹೇಳಿದಾರಾ, ನೀವು ಈಗ ದೊಡ್ಡೋರ ಊರಲ್ಲಿದೀರಿ ಅಂತ?" ಎಂದು ಪಕ್ಕದ ಮನೆಯ ಮುದುಕ ಚಾಗೊ ಕೇಳುತ್ತಿದ್ದ. ಎನೈದಾಳ ಮಗ ಎಫ್ರಾಯಿನ್‌ಗೆ ಜ್ಞಾನಸ್ನಾನದಲ್ಲಿ ಜ್ಞಾನತಂದೆಯಾಗಿ ನಿಂತವನು ಅವನು. ಕೊಮಾದ್ರೆ ಎಂಬ ಸಲಿಗೆ ಅಲ್ಲಿಂದ ಬಂದದ್ದು. ಅವಳು ನಗುತ್ತಿದ್ದಳು. ಹೆಸರು ಏನಾದರೂ ಇಟ್ಟುಕೊಳ್ಳಲಿ, ಗೋಡೆ ಇದ್ದಲ್ಲೇ ಇದೆಯಲ್ಲ ಎಂಬ ಧೈರ್ಯ ಅವಳಿಗೆ.

ಆ ಗೋಡೆ ಬಟ್ಟೆ ಒಗೆಯುವ ಅಂಗಡಿಯ ಪಕ್ಕದ್ದು. ಅದರ ಮೇಲೆ ಎಫ್ರಾಯಿನ್‌ನ ಮುಖ, ಕೆಳಗೆ ಹೆಸರು, ತೊಂಬತ್ತೊಂದನೆಯ ಇಸವಿ. ಆ ಮೇ ತಿಂಗಳಲ್ಲಿ ಎನೈದಾ ಒಲೆಯ ಮೇಲೆ ಎಣ್ಣೆ ಇಟ್ಟು, ಓಡಿಹೋಗಿ ನಾಲ್ಕು ಬಾಳೆಕಾಯಿ ತಾ ಎಂದು ಹತ್ತೊಂಬತ್ತರ ಮಗನನ್ನು ಕಳಿಸಿದ್ದಳು. ಮೂಲೆಯಲ್ಲಿ ಯಾರೋ ಯಾರಿಗೋ ಹಾರಿಸಿದ ಗುಂಡು ಅವನಿಗೆ ತಗಲಿತು. ಸಂಜೆಯ ಟಿವಿ ‘ಬುಷ್‌ವಿಕ್‌ನಲ್ಲಿ ಗ್ಯಾಂಗ್ ಹುಡುಗನ ಕೊಲೆ’ ಎಂದಿತು. ಸತ್ತವರಿಗಾಗಿ ಮಾಡುವ ಒಂಬತ್ತು ದಿನದ ಜಪಸರ ಪ್ರಾರ್ಥನೆ ಮುಗಿಯುವುದರೊಳಗೆ ಅವನ ಗೆಳೆಯರು ಗೋಡೆಯ ಮೇಲೆ ಅವನ ಚಿತ್ರ ಬರೆದರು. ಸತ್ತವರ ಗೋಡೆಯ ಮೇಲೆ ಇನ್ನೊಬ್ಬರು ಗೆರೆ ಎಳೆಯುವಂತಿಲ್ಲ. ಊರೆಲ್ಲ ಬಣ್ಣ ಬಳಿದು ಹಾಳು ಮಾಡುವ ಪುಂಡರೂ ಅದನ್ನು ಮೀರಲಿಲ್ಲ. ವರ್ಷಾವರ್ಷ ಅದೇ ದಿನ ಚಾಗೊ ಹೆಸರಿಗೆ ಹೊಸ ಬಣ್ಣ ಕೊಡುತ್ತಿದ್ದ. ಎನೈದಾ ಕುರ್ಚಿ ಹಾಕಿಕೊಂಡು ಎರಡು ಕಪ್ ಕಾಫಿಯೊಂದಿಗೆ ಕೂರುತ್ತಿದ್ದಳು. ತನ್ನದಕ್ಕೆ ಸಕ್ಕರೆಯಿಲ್ಲ, ಮಗನದಕ್ಕೆ ಮೂರು ಚಮಚ.

ಅಂಥ ಗೋಡೆಯನ್ನು ಹುಡುಕಿಕೊಂಡು ಪತ್ರಿಕೆಯ ಹುಡುಗಿಯೊಬ್ಬಳು ಬಂದಾಗ ಎನೈದಾಗೆ ಹಿಗ್ಗೋ ಹಿಗ್ಗು. ಕೊನೆಗೂ ಒಬ್ಬರು ಕೇಳಿದರಲ್ಲ! ಕೂರಿಸಿ, ಬಾಳೆಕಾಯಿ ಕರಿದು ಕೊಟ್ಟು, ಒಂದಕ್ಷರ ಬಿಡದೆ ಹೇಳಿದಳು.

"ಸರಿಯಾಗಿ ಬರಕೋ ಮಗಳೇ. ಅವನ ಕೈಲಿದ್ದದ್ದು ಬಾಳೆಕಾಯಿ ಚೀಲ. ಬಂದೂಕಲ್ಲ."

"ಬರ್ಕೊಂಡೆ, ಅಮ್ಮ," ಎಂದಳು ಹುಡುಗಿ. ಬರೆದುಕೊಂಡೂ ಇದ್ದಳು, ಪಾಪ.

ಭಾನುವಾರದ ಪತ್ರಿಕೆಯನ್ನು ಚಾಗೊ ಗಟ್ಟಿಯಾಗಿ ಓದಿದ. ಬಾಳೆಕಾಯಿಯ ರುಚಿಗೆ ಎರಡು ಸಾಲು ಹೊಗಳಿಕೆ ಇತ್ತು. ಆಮೇಲೆ ಅವನ ದನಿ ಇಳಿಯಿತು: ‘ಗ್ಯಾಂಗ್ ಕಾದಾಟದಲ್ಲಿ ಸತ್ತ ಯುವಕನ ಈ ಚಿತ್ರ, ಈಸ್ಟ್ ವಿಲಿಯಮ್ಸ್‌ಬರ್ಗ್‌ನಲ್ಲಿ ಉಳಿದಿರುವ ಹಳೆಯ ಬುಷ್‌ವಿಕ್‌ನ ಗುರುತು.’

ಎನೈದಾ ಫೋನ್ ಮಾಡಿದಳು. ಹುಡುಗಿ ಅಳುವ ದನಿಯಲ್ಲಿ, "ನಾನು ನೀವು ಹೇಳಿದ್ದೇ ಬರೆದಿದ್ದೆ. ಆಫೀಸಲ್ಲಿ ಹಳೇ ಸುದ್ದಿ ತೆಗೆದು ನೋಡಿ ತಿದ್ದಿಬಿಟ್ರು," ಎಂದಳು. ಟಿವಿ ಅಂದು ಒದರಿದ ಸುಳ್ಳು ಇಷ್ಟು ವರ್ಷ ಎಲ್ಲೋ ಭದ್ರವಾಗಿ ಕೂತಿತ್ತು. ತಾಯಿಯ ಮಾತಿಗಿಂತ ಅದಕ್ಕೇ ಬೆಲೆ ಬಂತು.

ಲೇಖನ ಓದಿದ ಹೊಸ ಬಾಡಿಗೆದಾರರು, ಮಕ್ಕಳು ಓಡಾಡುವ ಜಾಗದಲ್ಲಿ ರೌಡಿಯ ಚಿತ್ರವೇಕೆ ಎಂದು ಕಟ್ಟಡದ ಮಾಲೀಕನಿಗೆ ಬರೆದರು. ಅಲ್ಲಿಯವರೆಗೆ ಅವರಿಗೆ ಅದು ಬರೀ ಚೆಂದದ ಹುಡುಗನ ಮುಖವಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಗೋಡೆಗೆ ಸುಣ್ಣ ಬಿತ್ತು. ಚಾಗೊ ದೊಣ್ಣೆ ಹಿಡಿದು ಹೊರಟಿದ್ದ. ಎನೈದಾ ಅವನ ತೋಳು ಹಿಡಿದಳು.

"ಯಾರ ಮೇಲೆ ಹೋಗ್ತೀರಿ? ಬಾಯಿ ಬಿಟ್ಟವಳು ನಾನು. ಅವತ್ತು ಮಗನ್ನ ಅಂಗಡಿಗೆ ಕಳಿಸಿದೆ, ಇವತ್ತು ಪೇಪರಿಗೆ ಕಳಿಸಿದೆ. ಎರಡು ಸಲಾನೂ ನಾನೇ."

ಚಾಗೊ ದೊಣ್ಣೆ ಬಾಗಿಲಿಗೆ ಒರಗಿಸಿ ಮೆಟ್ಟಿಲ ಮೇಲೆ ಕೂತ.

ಮರುವರ್ಷ ಮೇ ತಿಂಗಳಲ್ಲಿ ಆ ದಿನ ಬಂತು. ಗೋಡೆಯ ಮೇಲೀಗ ಹಮ್ಮಿಂಗ್ ಹಕ್ಕಿಯ ಚಿತ್ರ. ಎನೈದಾ ಕುರ್ಚಿ ತಂದು, ಹೆಸರಿದ್ದ ಜಾಗಕ್ಕೆ ಬೆನ್ನು ತಾಗುವ ಹಾಗೆ ಹಾಕಿಕೊಂಡು ಕೂತಳು. ಪಕ್ಕದಲ್ಲಿ ಎರಡು ಕಪ್. ನಾಯಿ ಹಿಡಿದು ಹೋಗುತ್ತಿದ್ದ ಹೊಸ ಬಾಡಿಗೆದಾರಳೊಬ್ಬಳು ನಿಂತು ನಕ್ಕಳು.

"ಯಾರನ್ನೋ ಕಾಯ್ತಾ ಇದೀರಾ? ಎರಡು ಕಪ್ ಇದೆಯಲ್ಲ."

ಮುಖದಲ್ಲಿ ಕೇಡಿರಲಿಲ್ಲ. ಕೂರಿಸಿಕೊಂಡು ಹೇಳಿದ್ದರೆ ಕೇಳುತ್ತಿದ್ದಳೇನೋ. ಪತ್ರಿಕೆಯ ಹುಡುಗಿಯೂ ಕೂತು ಕೇಳಿದ್ದಳು, ಬರೆದುಕೊಂಡೂ ಇದ್ದಳು. ಎನೈದಾ ಎರಡೂ ಕಪ್ಪನ್ನು ತನ್ನತ್ತ ಎಳೆದುಕೊಂಡಳು.

"ಯಾರೂ ಇಲ್ಲ ಕಣಮ್ಮ. ಎರಡೂ ನಂದೇ."

ನಾಯಿ ಹಿಡಿದವಳು ಇನ್ನೂ ನೋಡುತ್ತಲೇ ಇದ್ದಳು. ಎನೈದಾ ಮೂರು ಚಮಚ ಸಕ್ಕರೆಯ ಕಪ್ಪನ್ನು ಎತ್ತಿ, ಅವಳೆದುರಿಗೇ ಪೂರ್ತಿ ಕುಡಿದಳು.