ತೋರುಬೆರಳಿನ ಖರ್ಚು

ಸಜ್ಜೆ ಕಾಳಿಗಿಂತ ತುಸು ದೊಡ್ಡದು, ಮೇಲೆಲ್ಲ ಒರಟು, ನಡುವೆ ಎರಡು ಕಪ್ಪು ಚುಕ್ಕೆ. ಅವ್ವನ ಬಲಗೈ ತೋರುಬೆರಳಿನ ತುದಿಯಲ್ಲಿ, ಹೆಬ್ಬೆರಳು ಬಂದು ತಾಗುವ ಕಡೆಗೇ ಆ ನರಹುಲಿ ಎದ್ದಿತ್ತು. ಬೇರೆಲ್ಲಾದರೂ ಎದ್ದಿದ್ದರೆ ಅದರ ಬಗ್ಗೆ ನಾವು ಮಾತೇ ಆಡುತ್ತಿರಲಿಲ್ಲ.

ಅವ್ವ ನಾರಾಯಣಪೇಟೆಯ ಮಗ್ಗದ ಮನೆಗಳಿಗೆ ಹೋಗಿ ಹಾಸು ಕೆಚ್ಚುತ್ತಾಳೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ನೆಯ್ದು ಮುಗಿದಾಗ ಅದರ ಕೊನೆಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವ ಕೆಲಸ ಅದು. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆ ಎಳೆ ಹೊಸ ಎಳೆ ಎರಡನ್ನೂ ಹಿಡಿದು ಹೊಸೆಯಬೇಕು. ರೇಷ್ಮೆಯ ಎಳೆ ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ. ನರಹುಲಿ ಎದ್ದ ಮೇಲೆ ಎಳೆಗಳು ಅದಕ್ಕೆ ಸಿಕ್ಕಿ ಸಿಬಿರೇಳತೊಡಗಿದವು, ಕೆಲವು ತುಂಡಾದವು.

"ಏನವ್ವಾ, ಕೆಚ್ಚಾಕ ಬಂದೀಯೋ, ಹರಿಯಾಕ ಬಂದೀಯೋ?" ಎಂದು ಒಂದು ಮನೆಯ ಯಜಮಾನಿ ಕೇಳಿದರಂತೆ. ನಗುತ್ತಲೇ ಕೇಳಿದ್ದು. ಅವ್ವ ಆ ಮಾತನ್ನು ನನಗೆ ನಗದೆ ಹೇಳಿದಳು. ಅಷ್ಟರಲ್ಲಿ ಸುಣ್ಣ ಹಚ್ಚಿ, ಬ್ಲೇಡಿನಿಂದ ಹೆರೆದು, ಅದನ್ನು ಇನ್ನಷ್ಟು ಒರಟು ಮಾಡಿಕೊಂಡಿದ್ದಳು.

ನಾನು ಗದ್ವಾಲಿನ ಜೂನಿಯರ್ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಅಲ್ಲೇ ಒಂದು ಕೋಣೆ ಹಿಡಿದಿದ್ದೇನೆ, ಶನಿವಾರ ಊರಿಗೆ ಹೋಗುತ್ತೇನೆ. ದಾರಿಯಲ್ಲೇ ಸಿಗುತ್ತಾರೆಂದು ಮೊದಲು ಮಕ್ತಲಿನ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಟಾರ್ಚು ಹಾಕಿ ನೋಡಿದರು.

"ಕರೆಂಟಿಲೆ ಸುಟ್ಟುಬಿಡೋಣ. ಒಂದೇ ಸಲಕ್ಕ ಮುಗೀತೈತಿ. ಸಾವಿರದ ಐದುನೂರು."

"ಕಲಿ ಉಳೀತೈತೇನ್ರಿ ಸಾರ್?" ಅವ್ವ ಕೇಳಿದಳು.

"ಸಣ್ಣದೊಂದು ಗಟ್ಟಿ ಕಲಿ ಉಳೀಬಹುದು. ಬೆರಳಿನ ತುದಿ ಯಾರು ನೋಡ್ತಾರಮ್ಮಾ?"

"ಯಾರೂ ನೋಡೂದಿಲ್ರಿ. ಆ ಬೆರಳು ನೋಡಬೇಕಲ್ರಿ."

ಅವರಿಗೆ ಅರ್ಥವಾಗದೆ ನನ್ನ ಕಡೆ ನೋಡಿದರು. ಅವ್ವನ ಕೆಲಸ ಏನೆಂದು ವಿವರಿಸಿದೆ. ಅವರು ಟಾರ್ಚು ಆರಿಸಿ, ಹಾಗಿದ್ದರೆ ಸುಡುವುದು ಬೇಡ, ಗದ್ವಾಲಿನಲ್ಲಿ ಚರ್ಮದ ಡಾಕ್ಟರಮ್ಮ ತಣ್ಣನೆಯ ಗ್ಯಾಸು ಬಿಟ್ಟು ತೆಗೆಯುತ್ತಾರೆ, ಖರ್ಚು ಹೆಚ್ಚು ಬೀಳುತ್ತದೆ, ಆದರೂ ಅಲ್ಲಿಗೇ ಹೋಗಿ ಎಂದರು.

ಗದ್ವಾಲಿನ ದವಾಖಾನೆಯಲ್ಲಿ ಅವ್ವ ಮೊದಲು ಸೆರಗಿನ ಗಂಟಿನಿಂದ ಆರೋಗ್ಯದ ಕಾರ್ಡು ತೆಗೆದಳು. ಚೀಟಿ ಬರೆಯುವ ಹುಡುಗಿ ಅದನ್ನು ಮುಟ್ಟಲೂ ಇಲ್ಲ.

"ಇದು ಕಾರ್ಡಿಗೆ ಬರಂಗಿಲ್ಲಮ್ಮಾ. ನರೂಲಿ, ಮಚ್ಚಿ, ಇವೆಲ್ಲಾ ಅಂದಕ್ಕ ತೆಗೆಸಿಕೊಳ್ಳಾವು."

ಅವ್ವ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಕೇಳಿದೇನು? ಈ ವಯಸ್ಸಿನಾಗ ನಿಮ್ಮವ್ವ ಅಂದ ಮಾಡಿಸಿಕೊಳ್ಳಾಕ ಬಂದಾಳ!" ಎಂದಳು. ಬೆಂಚಿನ ಮೇಲಿದ್ದ ಹೆಂಗಸರು ನಕ್ಕರು.

ಒಳಗೆ ಡಾಕ್ಟರಮ್ಮ ಹತ್ತಿಯ ಒಡಲು, ರೇಷ್ಮೆಯ ಅಂಚಿನ ಸೀರೆ ಉಟ್ಟಿದ್ದರು. ಒಂದು ಸಲಕ್ಕೆ ಎಂಟುನೂರು, ಎರಡು ಮೂರು ಸಲ ಬರಬೇಕಾಗಬಹುದು ಎಂದರು.

"ನರೂಲಿ ಒಂದೇ ಐತಲ್ರಿ ಮೇಡಂ. ಮೂರು ಸಲ ಯಾಕ ರೊಕ್ಕ?"

"ನೂಲು ಒಂದೇ ಇದ್ರೂ, ಮೂರು ಸಲ ಬಣ್ಣಕ್ಕ ಅದ್ದಿಸಿದ್ರ ಬಣ್ಣದವ್ರು ಒಂದೇ ಸಲದ ರೊಕ್ಕ ತಗೋತಾರೇನಮ್ಮಾ?"

ಆ ಲೆಕ್ಕ ಕೇಳಿ ಅವ್ವನಿಗೆ ಡಾಕ್ಟರಮ್ಮನ ಮೇಲೆ ಗೌರವ ಹುಟ್ಟಿದಂತೆ ಕಂಡಿತು. ಎಲ್ಲಿ ತೊಡಕಾಗುತ್ತದೆ ಎಂದು ಅವರು ಕೇಳಿದಾಗ, ಮಾತಿನಲ್ಲಿ ಹೇಳುವ ಬದಲು ಅವರ ಸೆರಗನ್ನೇ ಹಿಡಿದು ರೇಷ್ಮೆಯ ಅಂಚಿನ ಮೇಲೆ ಬೆರಳು ಸರಿಸಿದಳು. ಒಂದು ಎಳೆ ಕಿತ್ತು ಬಂತು.

"ಇಕಾ, ಹಿಂಗ್ರಿ," ಎಂದಳು ಅವ್ವ. ಆಮೇಲೆ ತಾನು ಮಾಡಿದ್ದು ಏನೆಂದು ತಿಳಿದು, "ಅಯ್ಯ, ಸೂಜಿ ಇದ್ರ ಕೊಡ್ರಿ, ಒಳಗ ಎಳದು ಬಿಡ್ತೀನಿ," ಎಂದಳು.

"ನಿನ್ನ ಬೆರಳು ಮೊದಲು ನೋಡೋಣ, ಸೀರೆ ಆಮ್ಯಾಲ," ಎಂದು ಡಾಕ್ಟರಮ್ಮ ಸೆರಗು ಬಿಡಿಸಿಕೊಂಡರು. ಫೀಸಿನಲ್ಲಿ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಆದರೆ ಏನನ್ನೂ ಮುಚ್ಚಿಡಲಿಲ್ಲ. "ಗುಳ್ಳಿ ಏಳ್ತೈತಿ. ಕೆಲವು ವಾರ ತುದಿ ಜೋಮು ಹಿಡಿದಂಗ ಇರ್ತೈತಿ. ಸಾಧಾರಣ ತಿರುಗಿ ಸರಿ ಆಗ್ತೈತಿ. ಆಗದೇ ಇರೋದು ಕಡಿಮಿ. ಆದ್ರ ಆಗಂಗೇ ಇಲ್ಲಂತ ನಾನು ಹೇಳಂಗಿಲ್ಲ."

ಅವ್ವ ಆ ಬೆರಳನ್ನು ಒಂದು ಸಲ ಹೆಬ್ಬೆರಳಿಗೆ ತಿಕ್ಕಿ ನೋಡಿದಳು. ಆಮೇಲೆ ಕೈಯನ್ನು ಮೇಜಿನ ಮೇಲೆ ಇಟ್ಟು, "ಮಾಡ್ರಿ," ಎಂದಳು.

ಎರಡು ಸಲಕ್ಕೇ ನರಹುಲಿ ಹೋಯಿತು. ಗುಳ್ಳೆ ಎದ್ದು, ಕಪ್ಪಾಗಿ, ಸಿಪ್ಪೆಯಂತೆ ಉದುರಿ, ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಬಂತು. ನೋಡಲು ಎಲ್ಲವೂ ಸರಿಯಾಗಿತ್ತು. ಆದರೆ ತುದಿಗೆ ಏನೂ ತಿಳಿಯುತ್ತಿರಲಿಲ್ಲ.

ಡಾಕ್ಟರಮ್ಮನ ಫೀಸು, ಮುಲಾಮು, ಬಸ್ಸು, ಇವನ್ನೆಲ್ಲ ನನ್ನ ಸಂಬಳದಲ್ಲಿ ಸರಿದೂಗಿಸಬಹುದಿತ್ತು. ಆ ವಾರಗಳಲ್ಲಿ ಅವ್ವನಿಗೆ ತಪ್ಪಿದ ಕೆಲಸವನ್ನು ಹಾಗೆ ಸರಿದೂಗಿಸುವಂತಿರಲಿಲ್ಲ. ಮಗ್ಗದ ಮನೆಯವರು ಧನ್ವಾಡದ ಕಡೆಯ ಒಬ್ಬ ಹೆಂಗಸನ್ನು ಕರೆಸಿಕೊಳ್ಳತೊಡಗಿದ್ದರು. ತಪ್ಪು ಅವರದಲ್ಲ, ಹಾಸು ಕಾಯುವುದಿಲ್ಲ. ಸಂಜೆ ಫೋನಿನಲ್ಲಿ ನಾನು ಬೆರಳಿನ ಸ್ಪರ್ಶದ ಬಗ್ಗೆ "ಬಂತಾ?" ಎನ್ನುತ್ತಿದ್ದೆ. ಅವ್ವ "ಇನ್ನಾ ಇಲ್ಲ," ಎನ್ನುತ್ತಿದ್ದಳು, ಯಾರೋ ನೆಂಟರ ದಾರಿ ಕಾಯುವವರ ಹಾಗೆ. ಅಷ್ಟೇ ಮಾತು. ಕಾಲೇಜಿನಲ್ಲಿ ಈ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಒಂದು ನರಹುಲಿಗಾಗಿ ಇಷ್ಟು ಹೆದರಿದ್ದೇನೆ ಎಂದು ವಿವರಿಸುವುದು ನನ್ನಿಂದಾಗದ ಕೆಲಸ.

ಒಂದು ಶನಿವಾರ ಮನೆಗೆ ಹೋದಾಗ ಅವ್ವ ಕೈ ಚಾಚಿ ಕಣ್ಣು ಮುಚ್ಚಿಕೊಂಡಳು.

"ಎಳಿ ಇಡು, ನೋಡೋಣ."

ಒಂದು ರೇಷ್ಮೆ ಎಳೆಯನ್ನು ಅವಳ ಬೆರಳ ತುದಿಗೆ ತಾಗಿಸಿದೆ. ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಹೊರಳಿಸಿ, "ಒಂದು," ಎಂದಳು. ಎರಡಿಟ್ಟೆ. "ಎರಡು. ಅದರಾಗ ಒಂದು ಹತ್ತಿ." ನಿಜವಾಗಿಯೂ ಒಂದು ಹತ್ತಿಯದೇ. ಮೂರನೆಯ ಸಲ ಏನನ್ನೂ ಇಡದೆ ಸುಮ್ಮನೆ ಕುಳಿತೆ. ಅವ್ವ ಬೆರಳು ಹೊಸೆದು, ಕಣ್ಣು ಮುಚ್ಚಿಕೊಂಡೇ ನಕ್ಕಳು.

"ನಿಮ್ಮವ್ವಗ ಮೋಸ ಮಾಡಾಕ ನೋಡ್ತೀಯೇನು, ಲೆಕ್ಚರಮ್ಮಾ?"

ನನಗೆ ಎಷ್ಟು ಹಗುರವೆನಿಸಿತೆಂದರೆ ಎದ್ದು ಹೋಗಿ ಹಿತ್ತಲಲ್ಲಿ ಮುಖ ತೊಳೆದುಕೊಂಡು ಬಂದೆ.

ರಾತ್ರಿ ಊಟದ ಹೊತ್ತಿಗೆ, "ಹಂಗಾರ ಯಜಮಾನಿ ಅಮ್ಮಗ ಹೋಗಿ ಹೇಳು," ಎಂದೆ. ಅವ್ವ ಬೇಡವೆಂದು ತಲೆಯಾಡಿಸಿದಳು. ಕೆಚ್ಚುವವರು ತಾವಾಗಿ ಹೋಗಿ ಕೆಲಸ ಕೇಳುವ ಪದ್ಧತಿ ಇಲ್ಲ. ಮಗ್ಗದ ಮನೆಯಿಂದ ಕರೆ ಬರಬೇಕು. "ಅವ್ರು ಕರೀತಾರ ತಗೋ," ಎಂದಳು. ಕರೆಯಲು ಅವರಿಗೆ ಬೆರಳಿನ ಸುದ್ದಿ ತಿಳಿಯಬೇಕಲ್ಲ? ಅದನ್ನು ಕೇಳಿದ್ದಕ್ಕೆ ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಬೆಳಿಗ್ಗೆ ಅವ್ವ ನೀರು ಹಿಡಿಯುತ್ತಿದ್ದಾಗ ನಾನೊಬ್ಬಳೇ ಆ ಮಗ್ಗದ ಮನೆಗೆ ನಡೆದೆ. ಕೆಲಸಕ್ಕಾಗಿ ಯಾರ ಬಾಗಿಲಲ್ಲೂ ನಾನು ಹಾಗೆ ನಿಂತವಳಲ್ಲ. ಯಜಮಾನಿ ಅಂಗಳ ಗುಡಿಸುತ್ತಿದ್ದರು. ಹೊಸ ಹಾಸು ಯಾವಾಗ ಕೆಚ್ಚಿಸುತ್ತೀರಿ ಎಂದು ಕೇಳಿದೆ. ನಾಳೆ ಎಂದರು. "ಅವ್ವನ ಬೆರಳು ಸರಿ ಆಗೇತ್ರಿ. ನೀವು ಒಂದು ಮಾತು ಕರೀರಿ, ಬರ್ತಾಳ," ಎಂದೆ. ಅವರು ಕಸಬರಿಗೆ ಗೋಡೆಗೆ ಆನಿಸಿ, ನನ್ನ ಜೊತೆಗೇ ಅವ್ವನನ್ನು ಕರೆಯಲು ಹೊರಟರು.