ಟಿವಿಯಲ್ಲಿ ಟಗರಿನ ಕಿವಿ

ನಮ್ಮ ಟಗರಿನ ಕಿವಿಯನ್ನು ಟಿವಿಯಲ್ಲಿ ನೋಡಬೇಕೆಂದು ಅಪ್ಪ ಹಟ ಹಿಡಿದಾಗ ನಾನು ಅಂಗಡಿಗೆ ಹೊರಟು ನಿಂತಿದ್ದೆ. ಕಾನಹೊಸಹಳ್ಳಿಯ ಬಸ್ ನಿಲ್ದಾಣದ ಎದುರು ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಸುತ್ತಲಿನ ಹಳ್ಳಿಯವರ ಫೋನು ಕೈಕೊಟ್ಟರೆ ನನ್ನ ಹತ್ತಿರವೇ ಬರುತ್ತಾರೆ. ಯಾರು ಏನೇ ಹೇಳಲಿ, ನಾನು ಮೊದಲು "ಆಫ್ ಮಾಡಿ ಆನ್ ಮಾಡ್ರಿ" ಅನ್ನುತ್ತೇನೆ. ಮುಕ್ಕಾಲು ಪಾಲು ಅಷ್ಟಕ್ಕೇ ಸರಿಹೋಗುವುದರಿಂದ ನನಗೆ ಒಳ್ಳೆಯ ಹೆಸರಿದೆ.

ಟಗರು ಕುರಿ ಕೂಡುವ ರೊಪ್ಪದಿಂದ ಕಳುವಾಗಿ ಒಂದು ವಾರವಾಗಿತ್ತು. ಅಪ್ಪ ಆ ವಾರವೆಲ್ಲ ಸರಿಯಾಗಿ ಉಂಡಿರಲಿಲ್ಲ. ಕುರಿ ಕಾಯುವ ಮನೆಯಲ್ಲಿ ಕುರಿ ಹೋಗುವುದು ಹೊಸದಲ್ಲ, ತೋಳಕ್ಕೆ, ರೋಗಕ್ಕೆ, ಲಾರಿಗೆ ಎಷ್ಟೋ ಹೋಗಿವೆ. ಆದರೆ ಈ ಕರಿ ಟಗರು ಅಪ್ಪನ ಹಿಂದೆ ಊರೊಳಗೂ ಬರುತ್ತಿತ್ತು, ಕಟ್ಟೆಯ ಮೇಲೆ ಅಪ್ಪ ಕೂತರೆ ಪಕ್ಕದಲ್ಲಿ ನಿಲ್ಲುತ್ತಿತ್ತು. ಮಗನಾದ ನಾನು ಅಷ್ಟು ಮಾಡಿದವನಲ್ಲ.

ಆ ಬೆಳಿಗ್ಗೆ ಹರಪನಹಳ್ಳಿ ಕಡೆಯ ಕುರಿ ಸಂತೆಯಿಂದ ಅಪ್ಪನ ಗೆಳೆಯ ನನ್ನ ಫೋನಿಗೆ ವಿಡಿಯೊ ಕಾಲ್ ಮಾಡಿದ. "ನಿನ್ನ ಟಗರಿನಂಗ ಒಂದು ಐತಿ ಇಲ್ಲಿ. ಕಿವಿ ಮಾತ್ರ ಬ್ಯಾರೆ ಥರ ಕೊಯ್ದಾರ. ಲಗೂನ ನೋಡಿ ಹೇಳಪ್ಪ, ಗಾಡಿಯವ ಏರಿಸಾಕ ನಿಂತಾನ," ಎಂದು ಫೋನನ್ನು ಟಗರಿನ ಕಿವಿಗೆ ಹಿಡಿದ.

ನಮ್ಮಲ್ಲಿ ಕುರಿಯ ಕಿವಿಯೇ ಅದರ ವಿಳಾಸ. ಮರಿಯಾಗಿದ್ದಾಗಲೇ ಒಂದೊಂದು ಮನೆಯವರು ಒಂದೊಂದು ರೀತಿ ಕಿವಿ ಕೊಯ್ದು ಗುರುತು ಮಾಡುತ್ತಾರೆ. ನಮ್ಮ ಮನೆತನದ್ದು ಬಲಗಿವಿಯ ತುದಿಯಲ್ಲಿ ಒಂದು ಸೀಳು. ಎರಡು ವರ್ಷದ ಹಿಂದೆ ಅಪ್ಪನೂ ದೊಡ್ಡಪ್ಪನೂ ಬೇರೆಯಾದಾಗ ಹೊಲ ಹಂಚಿದರು, ಕುರಿ ಹಂಚಿದರು, ಮನೆಯ ನಡುವೆ ಗೋಡೆ ಎಬ್ಬಿಸಿದರು. ಗುರುತನ್ನು ಬಿಟ್ಟುಕೊಡಲು ಮಾತ್ರ ಇಬ್ಬರೂ ಒಪ್ಪಲಿಲ್ಲ. ಆ ಜಗಳದಲ್ಲಿ ನಿಂತ ಮಾತು ನಿಂತೇ ಹೋಯಿತು.

ಅಪ್ಪನ ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದೂ ಅದೇ ದಾರಿ ಹಿಡಿದಿದೆ. ಅಂಗೈಯಗಲದ ಫೋನಿನಲ್ಲಿ ಕರಿ ಟಗರಿನ ಕರಿ ಕಿವಿ ಬರೀ ಕರ್ರಗೆ ಇತ್ತು. ನಾನು ನೋಡಿ ಹೇಳಬಹುದಿತ್ತು, ಆದರೆ ಕುರಿಯ ವಿಷಯದಲ್ಲಿ ನನ್ನ ಮಾತನ್ನು ನಮ್ಮ ಮನೆಯ ನಾಯಿಯೂ ನಂಬುವುದಿಲ್ಲ. ಸಂತೆಯಲ್ಲಿ ಇನ್ನೊಬ್ಬರ ಟಗರನ್ನು ನಮ್ಮದು ಅಂದುಬಿಟ್ಟರೆ ಅಪ್ಪ ಮತ್ತೆ ಅಲ್ಲಿ ತಲೆ ಎತ್ತಿ ಓಡಾಡುವಂತಿಲ್ಲ. ಸುಮ್ಮನಿದ್ದರೆ ಟಗರು ಗಾಡಿ ಹತ್ತುತ್ತದೆ.

"ಟಿವಿಯಾಗ ಹಾಕು," ಅಂದ ಅಪ್ಪ. "ನಿನ್ನ ಅಂಗಡ್ಯಾಗ ಊರಿಗೆಲ್ಲ ಹೇಳಿಕೊಡ್ತಿಯಲ್ಲ."

ಕಾಲ್ ಕಟ್ ಮಾಡದೆ ಫೋನಿನ ಪರದೆಯನ್ನು ಟಿವಿಗೆ ಕಳಿಸಲು ಹೊರಟೆ. ಟಿವಿಯೇ ಸಿಗುತ್ತಿಲ್ಲ ಎಂದಿತು ಫೋನು. ನೋಡಿದರೆ ಫೋನು ಸಿಮ್ಮಿನ ನೆಟ್ಟಿನಲ್ಲಿತ್ತು, ಟಿವಿ ವೈಫೈನಲ್ಲಿತ್ತು. ಎರಡೂ ಒಂದೇ ವೈಫೈನಲ್ಲಿರಬೇಕು ಎಂದು ದಿನಾ ಗಿರಾಕಿಗಳಿಗೆ ಪಾಠ ಹೇಳುವವನು ನಾನು. ಬದಲಿಸಿದೆ. ಈಗ ಪಟ್ಟಿಯಲ್ಲಿ ನಮ್ಮ ಟಿವಿಯ ಹೆಸರು "ಮೈಲಾರ" ಎಂದು ಬಂತು. ಅದರ ಕೆಳಗೆ ಮತ್ತೊಮ್ಮೆ "ಮೈಲಾರ" ಎಂದು ಬಂತು. ಒಂದನ್ನೇ ಎರಡು ಸಲ ತೋರಿಸುವುದು ಫೋನುಗಳ ಚಾಳಿ, ಇದನ್ನೂ ನಾನೇ ಗಿರಾಕಿಗಳಿಗೆ ಹೇಳಿದ್ದೇನೆ. ಮೇಲಿನದನ್ನು ಒತ್ತಿದೆ. ಸ್ವಲ್ಪ ಹೊತ್ತು ಸುತ್ತಿ, ಸಂಪರ್ಕವಾಯಿತು ಎಂದಿತು.

ಟಿವಿಯಲ್ಲಿ ಏನೂ ಬರಲಿಲ್ಲ.

ಟಿವಿ ಆಫ್ ಮಾಡಿ ಆನ್ ಮಾಡಿದೆ. ರಿಮೋಟಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಅವ್ವನ ಕೈಲಿ ಬೈಸಿಕೊಂಡು, ಇದ್ದ ಬಟನ್ನುಗಳನ್ನೆಲ್ಲ ಒತ್ತಿದೆ. ಫೋನನ್ನು ಟಿವಿಯ ಹತ್ತಿರ ಒಯ್ದೆ, ದೂರ ಒಯ್ದೆ.

"ಏನಾತ್ಲೇ?" ಅಂದ ಅಪ್ಪ.

"ಹೊಂಟೈತಿ ಯಪ್ಪಾ, ಬರಾಕ ಹತ್ತೈತಿ."

"ಎಲ್ಲಿಗೆ ಹೊಂಟೈತಿ?"

ಅದು ನನಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಗೆಳೆಯ ಒಂದೇ ಸಮನೆ "ಹೇಳ್ರೋ, ಹೇಳ್ರೋ" ಅನ್ನುತ್ತಿದ್ದ. ಹಿಂದೆ ಗಾಡಿಯವನ ಬೈಗುಳ ಕೇಳುತ್ತಿತ್ತು. ನನಗೆ ಟಿವಿಯ ಮೇಲೆ, ಅದನ್ನು ಮಾಡಿದವರ ಮೇಲೆ, ಕೊನೆಗೆ ಆ ಟಗರಿನ ಮೇಲೂ ಸಿಟ್ಟು ಬಂತು.

ಆಗ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದ. ಎರಡು ವರ್ಷದಲ್ಲಿ ಆ ಹೊಸ್ತಿಲ ಹತ್ತಿರ ಬಂದವನಲ್ಲ. ಒಳಗೆ ಬರಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ, ಬಾಗಿಲ ಚೌಕಟ್ಟಿಗೆ ಹೇಳಿದ: "ನಮ್ಮ ಟಿವಿಯಾಗ ನಿಮ್ಮ ಟಗರು ಬಂದೈತಿ."

ನನಗೆ ಎಲ್ಲ ಹೊಳೆಯಿತು. ಹಿರಿಯರು ಮಾತು ಬಿಟ್ಟರೂ ದೊಡ್ಡಪ್ಪನ ಮಗನೂ ನಾನೂ ಬಿಟ್ಟಿರಲಿಲ್ಲ. ಅವರಿಗೆ ಹೇಳದೆ ಎರಡೂ ಮನೆಗೆ ಒಂದೇ ವೈಫೈ ಹಾಕಿಸಿದ್ದೆವು. ಯಾರದ್ದೂ ದೊಡ್ಡದಾಗಬಾರದೆಂದು ಕೊಟ್ಟೂರಿನ ಅಂಗಡಿಯಿಂದ ಒಂದೇ ಅಳತೆಯ ಎರಡು ಟಿವಿ ತಂದಿದ್ದೆವು. ಹೆಸರಿಡು ಎಂದು ಟಿವಿ ಕೇಳಿದಾಗ ನಾನು ಮನೆದೇವರ ಹೆಸರಿಟ್ಟಿದ್ದೆ. ಗೋಡೆಯಾಚೆ ಅವನೂ ಮನೆದೇವರ ಹೆಸರನ್ನೇ ಇಟ್ಟಿದ್ದ. ಮನೆದೇವರನ್ನು ಯಾರೂ ಹಂಚಿರಲಿಲ್ಲವಲ್ಲ. ನಾನು ಕಳಿಸಿದ್ದು ಆಚೆ ಮನೆಗೆ ಹೋಗಿತ್ತು. ಟಿವಿ ಏನು ಕೇಳಿದರೂ ಓಕೆ ಒತ್ತುವ ದೊಡ್ಡವ್ವ ಇದಕ್ಕೂ ಒತ್ತಿದ್ದಳು. ಅಲ್ಲಿ ಪರದೆ ತುಂಬ ಟಗರಿನ ಕಿವಿ, ಮೂಲೆಯಲ್ಲಿ ಸಣ್ಣಗೆ ನಮ್ಮ ಅಪ್ಪ.

ಗುರುತು ಇಬ್ಬರದ್ದೂ ಒಂದೇ. ದೊಡ್ಡಪ್ಪ ತನ್ನದೇ ಟಗರು ಎಂದು ಹೇಳಿದ್ದರೆ ನಾವು ಅಲ್ಲ ಎನ್ನುವ ಹಾಗಿರಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಅಪ್ಪ ಗೋಡೆ ಹಿಡಿದು ಎದ್ದು ನಿಂತ. ಅವ್ವ ನೀರಿನ ಚೊಂಬು ತಂದು ಹೊಸ್ತಿಲ ಹತ್ತಿರ ಇಟ್ಟು ಹಿಂದೆ ಸರಿದಳು.

"ಮ್ಯಾಲೆ ಯಾವನೋ ಹೊಸದಾಗಿ ಕೊಯ್ದಾನ," ಅಂದ ದೊಡ್ಡಪ್ಪ. "ಅದರ ಕೆಳಗ ನಮ್ಮ ಸೀಳಿನ ಬುಡ ಹಂಗ ಐತಿ, ಓರೆ. ಅದು ಮರಿ ಇದ್ದಾಗ ಒದ್ದಾಡ್ತು, ನನ್ನ ಕೈ ಜಾರ್ತು. ನಾ ಕೊಯ್ದ ಕಿವಿ ನಂಗ ಗೊತ್ತಾಗಲ್ಲೇನು? ನಿನ್ನ ಪಾಲಿಗೆ ಬಂದದ್ದು ಅದು."

ಫೋನಿನಲ್ಲಿ ಗೆಳೆಯನಿಗೆ ಇದು ಕೇಳಿಸಿತ್ತು. "ಯಾರದು ಮಾತಾಡಿದ್ದು? ಅವರ ಮಾತು ನಂಬಿ ಗಾಡಿ ತಡೀಲಾ? ಆಮ್ಯಾಲೆ ನನ್ನ ಮ್ಯಾಲೆ ಬರಬಾರದು ನೋಡು," ಎಂದು ಕೂಗಿದ.

ಅಪ್ಪ ನನ್ನ ಕೈಯಿಂದ ಫೋನು ಕಸಿದುಕೊಂಡು ಬಾಯಿಯ ಹತ್ತಿರ ಹಿಡಿದ.

"ನಮ್ಮಣ್ಣ," ಅಂದ. "ನಮ್ಮಣ್ಣ ಹೇಳ್ಯಾನ. ಹಿಡಿದು ಕಟ್ಟು."