ಎಲೆ ತಂಬಾಕಿನವನ ಮನೆಗೆ ಬುತ್ತಿ

ಮಾವನಿಗೆ ಚುಟ್ಟಾ ಬೇಕು. ಬೀಡಿ ಕೊಟ್ಟರೆ ಮುಟ್ಟುವುದಿಲ್ಲ. ನಾನು ಅವರ ಮನೆಯಲ್ಲೇ ಇರುವ ಅಳಿಯ. ಉಮರ್ಗಾದಿಂದ ನಿಲಂಗಾ, ಉದಗೀರಕ್ಕೆ ಟೆಂಪೋ ಹೊಡೆಯುತ್ತೇನೆ. ಹಾಗಾಗಿ ಚುಟ್ಟಾ ತರುವ ಕೆಲಸ ನನ್ನದೇ.

ಉಮರ್ಗಾಕ್ಕೆ ಸುತ್ತಿದ ಚುಟ್ಟಾ ಬರುವುದು ನಿಂತಿದೆ. ಹೈವೇ ಅಂಗಡಿಯಲ್ಲಿ ಡಬ್ಬಿ ಸಿಗಾರ್ ಇದೆ, ಆದರೆ ಒಂದು ಸಿಗಾರಿನ ರೊಕ್ಕಕ್ಕೆ ಮನೆಗೆ ವಾರದ ಎಣ್ಣೆ ಬರುತ್ತದೆ. ನಿಲಂಗಾದಲ್ಲಿ ಕೇಳಿದರೆ ಅಗಿಯುವ ಪುಡಿಯ ಪಾಕೀಟು ತೋರಿಸುತ್ತಾರೆ. ಉಳಿದವನು ಉದಗೀರದ ಹಳೆ ಬಜಾರಿನ ಒಬ್ಬ ಮುದುಕ. ತಂಬಾಕಿನ ಇಡೀ ಎಲೆ ತೂಗಿ ಕೊಡುತ್ತಾನೆ. ಮುಷ್ಟಿಯಲ್ಲಿ ಹಿಚುಕಿ ಬಿಟ್ಟರೆ ಪುಡಿಯಾಗದೆ ಮತ್ತೆ ಬಿಚ್ಚಿಕೊಳ್ಳುವಂಥ ಎಲೆ ನೋಡಿ ತನ್ನಿ ಎಂದು ಮಾವ ಹೇಳಿ ಕಳಿಸುತ್ತಿದ್ದರು. ಅದನ್ನು ಒದ್ದೆ ಗೋಣಿಯಲ್ಲಿಟ್ಟು, ಊಟವಾದ ಮೇಲೆ ಕಟ್ಟೆಗೆ ಕೂತು ತಾವೇ ಸುತ್ತುತ್ತಿದ್ದರು.

ಈ ಮಳೆಗಾಲ ಅವರ ಕೆಮ್ಮು ಏರಿತು. ಡಾಕ್ಟರು ಬಿಡಿ ಎಂದರು, ಅವರು ಬಿಡಲಿಲ್ಲ. ಇನ್ನು ಎಲೆ ತಂದರೆ ನಿಮಗೆ ಊಟವಿಲ್ಲ ಎಂದು ಹೆಂಡತಿ ನನಗೆ ಹೇಳಿದಳು. ಅವಳ ಮಾತು ಸರಿ. ಆದರೆ ಮಾವನ ಮುಖಕ್ಕೆ ತರುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರ ಹೊಲದ ಜೋಳ ತಿನ್ನುವವನು ನಾನು. ಅಂಗಡಿ ಮುಚ್ಚಿದೆ ಎಂದೆ.

"ಯಾಕ?"

"ಮುದುಕ ತೀರ್ಕೊಂಡಾರಂತ್ರೀ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮಾವ ಮಗಳನ್ನು ಕರೆದು ನಾಳೆಗೆ ರೊಟ್ಟಿ ಬಡಿ ಎಂದರು. ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೇಕಾದವರು ಬುತ್ತಿ ಕಟ್ಟಿಕೊಂಡು ಹೋಗಿ ಮಾತಾಡಿಸಿ ಬರಬೇಕು. ಅದು ನನಗೂ ಗೊತ್ತು. ತಂಬಾಕಿನ ಅಂಗಡಿಯವನಿಗೂ ಬುತ್ತಿ ಒಯ್ಯುತ್ತಾರೆಂದು ಹೊಳೆದಿರಲಿಲ್ಲ.

ಮರುದಿನ ಟೆಂಪೋದಲ್ಲಿ ಮಾವ ಬುತ್ತಿಯನ್ನು ತೊಡೆ ಮೇಲಿಟ್ಟುಕೊಂಡು ಕೂತರು. ದಾರಿಯುದ್ದಕ್ಕೂ ಆ ಮುದುಕನದೇ ಮಾತು. ನನ್ನ ಹೆಂಡತಿ ಹುಟ್ಟಿದಾಗ ಒಂದು ಕಟ್ಟು ಎಲೆ ಪುಕ್ಕಟೆ ಕೊಟ್ಟಿದ್ದನಂತೆ. ನಿಜ ಹೇಳಿಬಿಡೋಣವೆಂದು ನಿಲಂಗಾದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಸತ್ತವರ ಮನೆಗೆ ಹೊರಟವನು ದಾರಿಯಲ್ಲಿ ಏನೂ ಮುಟ್ಟುವುದಿಲ್ಲ ಎಂದು ಮಾವ ಕೆಳಗೇ ಇಳಿಯಲಿಲ್ಲ. ನಾನೊಬ್ಬನೇ ಕುಡಿದೆ. ಹೇಳಲಿಲ್ಲ.

ಮನೆ ಕೇಳಲೆಂದು ಬಜಾರಿಗೆ ಹೋದರೆ, ಮುದುಕ ತಕ್ಕಡಿ ಮುಂದೆ ಕೂತಿದ್ದ. ಮಾವನನ್ನು ಕಂಡವನೇ "ಯಾ ಯಾ, ಬಸಾ" ಎಂದು ಮರಾಠಿಯಲ್ಲಿ ಕರೆದು, ಗೋಣಿ ಸರಿಸಿ ಜಾಗ ಮಾಡಿದ. ಮಾವ ನನ್ನ ಕಡೆ ನೋಡಿದರು. ಅಲ್ಲೇ ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಬುತ್ತಿ ಬಿಚ್ಚಿ ಅವನ ಮುಂದಿಟ್ಟರು. ಇದೇನು ಎಂದು ಅವನು ಕೇಳಿದ.

"ಏನಿಲ್ಲ. ನಿನ್ನ ಕೂಡ ಉಣಬೇಕನಿಸ್ತು, ಬಂದೆ."

ಇಬ್ಬರೂ ಉಂಡರು. ನನ್ನ ಕೈಗೂ ಒಂದು ರೊಟ್ಟಿ ಕೊಟ್ಟರು. ಮುದುಕ ಎಲೆ ತೂಗಲು ಹೋದಾಗ ಮಾವ ಬೇಡ ಎಂದರು.

ತಿರುಗಿ ಬರುವಾಗ ನಿಲಂಗಾ ದಾಟಿದೆವು. ಆಮೇಲೆ ಮಾವ ರಸ್ತೆ ನೋಡುತ್ತಲೇ ಕೇಳಿದರು.

"ತರಂಗಿಲ್ಲ ಅಂದಿದ್ರ ಮುಗೀತಿತ್ತು. ಇದ್ದ ಮನಷ್ಯಾನ್ನ ಯಾಕ ಸಾಯ್ಸಿದ್ರಿ?"

ನಾನು ಗೇರ್ ಬದಲಿಸಿದೆ.

ಸಾವಿನ ಮನೆಯಿಂದ ಬರುತ್ತೇವೆಂದು ಹೆಂಡತಿ ಬಾಗಿಲ ಹೊರಗೆ ಬಕೀಟಿನಲ್ಲಿ ನೀರು ಇಟ್ಟಿದ್ದಳು. ಮುದುಕ ಬದುಕಿದ್ದಾನೆಂದು ಮಾವ ಮಗಳಿಗೆ ಹೇಳದೆ ಕೈಕಾಲು ತೊಳೆದುಕೊಂಡು ಒಳಗೆ ಹೋದರು. ನಾನೂ ತೊಳೆದುಕೊಂಡೆ.

ಅವತ್ತಿನಿಂದ ಅವರು ಚುಟ್ಟಾ ಕೇಳಿಲ್ಲ. ಕೆಮ್ಮು ಇಳಿದಿದೆ. ನೀವು ಬೇರೆ ಕಡೆ ಎಲೆ ಹುಡುಕಲಿಲ್ಲ, ನಿಮ್ಮಿಂದಲೇ ಅಪ್ಪ ಬಿಟ್ಟ ಎಂದು ಹೆಂಡತಿ ನನ್ನ ತಾಟಿಗೆ ತುಪ್ಪ ಹೆಚ್ಚು ಹಾಕುತ್ತಾಳೆ. ಪಕ್ಕದಲ್ಲೇ ಮಾವ ಉಣ್ಣುತ್ತಿರುತ್ತಾರೆ.